ಎಡಗೈಯ ಜಾಗ

ಆ ದಿನ ಬೆಳಗಾಗುವಾಗ ಟಾಲ್ಬರ್ಟ್ ಊರಿನ ಮೇಲೆ ಬೀಳುತ್ತಿದ್ದದ್ದು ಮಳೆಯೂ ಅಲ್ಲ, ಹಿಮವೂ ಅಲ್ಲ. ಬೀಳುವಾಗ ನೀರು, ಬಿದ್ದ ಮೇಲೆ ಗಾಜು. ಪಿಸ್ಗಾ ಚರ್ಚಿನ ಅಂಗಳದಲ್ಲಿದ್ದ ಪೀಕನ್ ಮರದ ಕೊಂಬೆಗಳೆಲ್ಲ ಬಿಗಿದುಕೊಂಡು ಹೊಳೆಯುತ್ತಿದ್ದವು. ನಡುನಡುವೆ ಒಂದೊಂದು ಕೊಂಬೆ ಭಾರ ತಾಳದೆ ಲಟಕ್ಕನೆ ಮುರಿಯುತ್ತಿತ್ತು. ಮಿಸಿಸಿಪ್ಪಿಯ ಆ ಸೀಮೆಯಲ್ಲಿ ಜನವರಿ ಇಷ್ಟು ಮುನಿಯುವುದು ಹತ್ತು ವರ್ಷಕ್ಕೊಮ್ಮೆ. ಮುನಿಯುವುದಕ್ಕೆ ಅದು ಅರವತ್ತನಾಲ್ಕನೆಯ ಇಸವಿಯ ಆ ಸೋಮವಾರವನ್ನೇ ಆರಿಸಿಕೊಂಡಿತ್ತು.

ಲವೀನಿಯಾ ಟೀಸ್ಲಿ ಚರ್ಚಿನ ಬಾಗಿಲಲ್ಲಿ ಕಾಣಿಕೆಯ ಬುಟ್ಟಿ ಹಿಡಿದು ನಿಂತಿದ್ದಳು. ಆ ಬುಟ್ಟಿಗೆ ಇವತ್ತು ಬೀಳುತ್ತಿದ್ದ ಕಾಣಿಕೆಯೇ ಬೇರೆ. ಮೆರವಣಿಗೆಗೆ ಹೊರಟವರು ಒಬ್ಬೊಬ್ಬರಾಗಿ ಬಂದು ಜೇಬು ಝಾಡಿಸಿ, ಕೈಚೀಲ ಕೊಡವಿ, ಚೂಪಾದದ್ದನ್ನೆಲ್ಲ ಅದರೊಳಗೆ ಹಾಕುತ್ತಿದ್ದರು. ಉಗುರು ಕತ್ತರಿ ಸಿಕ್ಕಿದರೂ ಸಾಕು, ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಷರೀಫ ಅದನ್ನು ಕತ್ತಿ ಎಂದು ಬರೆಸುತ್ತಾನೆ.

"ಹ್ಯಾಟಿನ ಪಿನ್ನೂ ತೆಗೀರಿ ಬರ್ನೀಸಕ್ಕ."

"ಪಿನ್ ತೆಗೆದ್ರೆ ಹ್ಯಾಟು ಹಾರ್ಹೋಗುತ್ತೆ ಕಣೆ."

"ಹ್ಯಾಟ್ ಹೋದ್ರೆ ಹೋಗ್ಲಿ, ತಲೆ ಉಳೀಲಿ."

ಬರ್ನೀಸಕ್ಕ ಗೊಣಗುತ್ತ ಒಂದು ಪಿನ್ನು ತೆಗೆದಳು, ಇನ್ನೊಂದು ತೆಗೆದಳು, ಕೊನೆಗೆ ಐದು ತೆಗೆದು ಒಂದು ಕ್ರೋಶಾ ಕಡ್ಡಿಯನ್ನೂ ಹಾಕಿದಳು. ಹಿಂದೆ ನಿಂತಿದ್ದ ಲೂಷಿಯಸ್ ಗೇನ್ಸ್, "ಷರೀಫ ಮೊದಲು ನಿನ್ನ ನೋಡಿ ಓಡ್ಬೇಕಿತ್ತು ತಾಯಿ" ಎಂದ. ಎಲ್ಲರೂ ನಕ್ಕರು. ಭಯ ಇರುವ ಕಡೆ ನಗು ಬೇಗ ಬರುತ್ತದೆ.

ಲೂಷಿಯಸನಿಗೆ ಎಪ್ಪತ್ತನಾಲ್ಕು. ಐವತ್ತು ವರ್ಷದಿಂದ ಅವನು ಆ ಚರ್ಚಿನ ಬಾಗಿಲವನು. ಬಾಗಿಲವರೆಂದರೆ ಬಿಳಿ ಕೈಗವಸು ತೊಟ್ಟು ಬಂದವರನ್ನು ಬೆಂಚಿಗೆ ಕರೆದೊಯ್ಯುವವರು, ಹಾಡಿನ ಕಾವಿನಲ್ಲಿ ಮೈಮೇಲೆ ಆವೇಶ ಬಂದು ಬೀಳುವವರನ್ನು ನೆಲ ಮುಟ್ಟುವ ಮೊದಲೇ ಹಿಡಿಯುವವರು. ಬಾಗಿಲವರು ಮಾತಾಡುವುದಿಲ್ಲ. ಬಲಗೈಯಲ್ಲೇ ಎಲ್ಲ ಸನ್ನೆ. ಎಡಗೈ ಯಾವಾಗಲೂ ಬೆನ್ನ ಹಿಂದೆ, ಸೊಂಟದ ಮೇಲೆ ಮಡಚಿ ಕೂತಿರಬೇಕು, ಬೀಳುವವರನ್ನು ಹಿಡಿಯುವಾಗ ಮಾತ್ರ ಮುಂದೆ ಬರಬೇಕು. ಲವೀನಿಯಾಳನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ಆ ಬಾಗಿಲಿಗೆ ನಿಲ್ಲಿಸಿ, ಎಡಗೈ ಹಿಡಿದು ಹಿಂದಕ್ಕೆ ಮಡಚಿ ತೋರಿಸಿದವನು ಅವನೇ. "ಒಂದು ಕೈ ಜನಕ್ಕೆ, ಇನ್ನೊಂದು ದೇವರಿಗೆ. ದೇವರ ಕೈ ಹಿಂದೆ ಇರ್ಲಿ, ಅವನು ಹಿಡ್ಕೊಂಡಿರ್ತಾನೆ" ಎಂದಿದ್ದ. ನಲವತ್ತು ವರ್ಷದಿಂದ ಅವಳ ಎಡಗೈ ಭಾನುವಾರವೆಲ್ಲ ಅಲ್ಲಿಯೇ ಇತ್ತು.

ಆದರೆ ಈ ಬೀದಿಯ ಕೆಲಸಕ್ಕೆ ಆ ಪದ್ಧತಿ ಆಗುವುದಿಲ್ಲ ಎಂದು ಅಟ್ಲಾಂಟಾದಿಂದ ತರಬೇತಿ ಕೊಡಲು ಬಂದ ತರುಣರು ಹೇಳಿದ್ದರು. ಎರಡೂ ಕೈ ಮುಂದೆ ಇರಬೇಕು, ಬರಿಗೈ ಕಾಣಬೇಕು. ಜೇಬಿಗಿಲ್ಲ, ಕೋಟಿನೊಳಗಿಲ್ಲ, ಬೆನ್ನ ಹಿಂದಂತೂ ಇಲ್ಲವೇ ಇಲ್ಲ. ಕೈಗವಸೂ ಬೇಡ. ಸಾಲಿನ ಮುಖಂಡತನವನ್ನು ಅವರು ಲವೀನಿಯಾಳಿಗೆ ಒಪ್ಪಿಸಿದ್ದರು. ಅವಳು ಬಿಳಿಯರ ಮನೆಯ ಬಟ್ಟೆ ಒಗೆದು ಇಸ್ತ್ರಿ ಮಾಡುವವಳು. ಓದಿದ್ದು ಆರನೆಯ ತರಗತಿ. ಆದರೆ ಮುನ್ನೂರು ಜನ ಎದ್ದು ಕುಣಿಯುವ ಭಾನುವಾರದಲ್ಲಿ ಒಂದು ಬೆರಳೆತ್ತಿ ಎಲ್ಲರನ್ನೂ ಕೂರಿಸಬಲ್ಲವಳು ಅವಳೊಬ್ಬಳೇ.

ಅಂದಿನ ಕೆಲಸ ಕೇಳುವುದಕ್ಕೆ ಬಹಳ ಸಣ್ಣದು. ಇಪ್ಪತ್ತೆರಡು ಜನ ನ್ಯಾಯಾಲಯದ ಮೆಟ್ಟಿಲಿಗೆ ಹೋಗಿ, ಮತದಾರರ ಪಟ್ಟಿಗೆ ಹೆಸರು ಬರೆಸುತ್ತೇವೆ ಎಂದು ನಿಲ್ಲಬೇಕು. ಹೆಸರು ಬರೆಸುವ ಕಿಟಕಿ ಕರಿಯರಿಗೆ ತೆರೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಸಂಜೆ ಐದರವರೆಗೆ ಸುಮ್ಮನೆ ನಿಲ್ಲಬೇಕು. ಎದುರಿನ ಅಂಚೆ ಕಚೇರಿಯ ಜಗಲಿಯಲ್ಲಿ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದಿಂದ ಬಂದ ಇಬ್ಬರು ಪುಸ್ತಕ ಹಿಡಿದು ನೋಡುತ್ತಿರುತ್ತಾರೆ. ಶಾಂತವಾಗಿ ನಿಂತಿದ್ದರು, ಆದರೂ ಒಳಗೆ ಬಿಡಲಿಲ್ಲ ಎಂದು ಅವರು ಬರೆದರೆ ದೊಡ್ಡ ನ್ಯಾಯಾಲಯದಲ್ಲಿ ಮೊಕದ್ದಮೆ ನಿಲ್ಲುತ್ತದೆ. ಸಾಲಿನಲ್ಲಿ ಒಂದೇ ಒಂದು ಕೈ ಎದ್ದರೆ ಗಲಭೆ ಎಂದು ಬರೆಯುತ್ತಾರೆ, ಒಂದು ವರ್ಷದ ದುಡಿಮೆ ಚರಂಡಿ ಪಾಲು. ಅದಕ್ಕೇ ಪ್ರತಿಯೊಬ್ಬರೂ ಒಂದು ಚೀಟಿಗೆ ಸಹಿ ಹಾಕಿದ್ದರು. 'ಹೊಡೆದರೂ ಹೊಡೆಯೆನು, ಬೈದರೂ ಬೈಯೆನು, ಕೈ ಎತ್ತಿದರೆ ಈ ಚೀಟಿ ಹಿಂದಿರುಗಿಸಿ ಸಾಲು ಬಿಡುವೆನು.' ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದರು.

ಚೀಟಿಗಳು ಮೊದಲು ಇಪ್ಪತ್ತಮೂರಿದ್ದವು. ಇಪ್ಪತ್ತಮೂರನೆಯದು ಲವೀನಿಯಾಳ ಕೋಟಿನ ಒಳಜೇಬಿನಲ್ಲಿತ್ತು. ಅದು ಅವಳ ತಮ್ಮ ಹೋಸಿಯಾನದು.

ಹಿಂದಿನ ಗುರುವಾರ ಚರ್ಚಿನ ನೆಲಮನೆಯಲ್ಲಿ ಅಭ್ಯಾಸ ನಡೆದಿತ್ತು. ಅರ್ಧ ಜನ ಸಾಲಿನವರು, ಉಳಿದ ಅರ್ಧ ಷರೀಫನ ಕಡೆಯವರ ವೇಷ. ವೇಷದವರು ಬೈಯಬೇಕು, ಮುಖಕ್ಕೆ ಹೊಗೆ ಬಿಡಬೇಕು, ಕುರ್ಚಿ ಎಳೆಯಬೇಕು. ಲೂಷಿಯಸನನ್ನು ಷರೀಫ ಮಾಡಿದರೆ ಅವನ ಬಾಯಲ್ಲಿ ಬೈಗಳೇ ಬಾರದು. "ದಯವಿಟ್ಟು ಎಲ್ಲರೂ ಮನೇಗ್ ಹೋಗ್ತೀರಾಪ್ಪಾ" ಎಂದ. "ಇಂಥ ಷರೀಫ ಇದ್ದಿದ್ರೆ ನಾವ್ಯಾಕ್ ಮಾವ ಬೀದಿಗ್ ಬರ್ತಿದ್ವಿ" ಎಂದು ಯಾರೋ ಅಂದರು. ಆಮೇಲೆ ಕ್ಷೌರಿಕ ಓಡೆಲ್ ಷರೀಫನಾದ. ಅವನು ಕೆಲಸವನ್ನು ಮನಸ್ಸಿಟ್ಟು ಮಾಡುವವನು. ಹೋಸಿಯಾನ ಮಗಳು ವೆಲ್ಮಾ, ಆ ತಿಂಗಳಷ್ಟೇ ಇಪ್ಪತ್ತೊಂದು ತುಂಬಿದವಳು, ಅವಳ ಜಡೆ ಹಿಡಿದು ಜಗ್ಗಿದ. ಪಕ್ಕದಲ್ಲಿ ಕೂತಿದ್ದ ಹೋಸಿಯಾನ ಕೈ ಬಂದು ಓಡೆಲನ ಮಣಿಕಟ್ಟನ್ನು ಹಿಡಿಯಿತು.

ಹೊಡೆಯಲಿಲ್ಲ, ತಿರುಚಲಿಲ್ಲ. ಹಿಡಿಯಿತು, ಅಷ್ಟೆ. ಕೊರಿಯಾದ ಯುದ್ಧದಿಂದ ಬಂದ ಮೇಲೆ ಕಾಡಿನಲ್ಲಿ ಮರ ಕಡಿಯುವವನ ಕೈ ಅದು. ಓಡೆಲ್ ಜಡೆ ಬಿಟ್ಟುಬಿಟ್ಟ.

"ಚೀಟಿ ಕೊಡು" ಎಂದಳು ಲವೀನಿಯಾ.

"ಹಿಡ್ಕೊಂಡೆ ಅಷ್ಟೇ ಕಣಕ್ಕ. ಹೊಡೆದ್ನಾ?"

"ಹಿಡಿಯೋದೂ ಎತ್ತೋದೇ."

"ನನ್ ಮಗಳು ಅವಳು!"

"ಸಾಲಲ್ಲಿ ಅಪ್ಪಾನೂ ಇಲ್ಲ, ಮಗಳೂ ಇಲ್ಲ. ನಿನ್ನ ಮೈಯಿಂದ ಇನ್ನೂ ಯುದ್ಧ ಇಳಿದಿಲ್ಲ ಹೋಸಿಯಾ. ಅದನ್ನ ತಂದು ಇಷ್ಟ್ ಜನದ ತಲೆ ಮೇಲೆ ಹೇರ್ಬೇಡ."

ಆ ಊರಿನಲ್ಲಿ ಕಿಟಕಿಯ ಮುಂದೆ ಒಬ್ಬನೇ ಹೋಗಿ ನಿಂತು ಬಂದಿದ್ದವನು ಹೋಸಿಯಾ. ಸೈನ್ಯದ ಸಮವಸ್ತ್ರ ತೊಟ್ಟು ಒಮ್ಮೆ, ಸಾದಾ ಬಟ್ಟೆಯಲ್ಲಿ ಎರಡು ಸಲ. ಆಗ ಯಾವ ಸಾಲೂ ಇರಲಿಲ್ಲ, ಯಾವ ಹಾಡೂ ಇರಲಿಲ್ಲ. ಅದು ಲವೀನಿಯಾಳಿಗೆ ಗೊತ್ತಿಲ್ಲದ್ದಲ್ಲ. ಆದರೂ ಕೈಚಾಚಿ ನಿಂತಳು. ಅವನು ಅಂಗಿಯ ಜೇಬಿನಿಂದ ಚೀಟಿ ತೆಗೆದು ಕೊಟ್ಟ.

"ಹಾಗಾದ್ರೆ ಮನೇಲ್ ಕೂತ್ಕೊಳ್ಲಾ? ಬಳೆ ತೊಟ್ಕೊಂಡು?"

"ರಸ್ತೆ ಆಚೆ ಕಡೆ ನಿಂತ್ಕೋ. ಏನೇ ಆಗ್ಲಿ, ಈ ಕಡೆ ದಾಟ್ಬೇಡ. ನೀನ್ ದಾಟಿದ್ರೆ ಸಾಲು ಮುರಿದ ಹಾಗೇ. ಮಾತು ಕೊಡು."

"ಏನೇ ಆದ್ರೂ?"

"ಏನೇ ಆದ್ರೂ."

"ಆಯ್ತು, ಕೊಟ್ಟೆ" ಎಂದು ಹೊರಟುಹೋದ.

ಸೋಮವಾರ ಎಂಟೂವರೆಗೆ ಸಾಲು ಹೊರಟಿತು. ಇಬ್ಬಿಬ್ಬರಾಗಿ, ಮಾತಿಲ್ಲದೆ, ಜಾರುವ ನೆಲದ ಮೇಲೆ ಹೆಜ್ಜೆಯನ್ನು ತಡವಿ ತಡವಿ ಇಟ್ಟುಕೊಂಡು. ನ್ಯಾಯಾಲಯದ ಮೆಟ್ಟಿಲ ಬದಿಗೆ ಗೋಡೆಗುಂಟ ನಿಂತರು. ಕಿಟಕಿಯಲ್ಲಿ ಒಂದು ಹಲಗೆ ತೂಗುತ್ತಿತ್ತು: ಊಟಕ್ಕೆ ಹೋಗಿದ್ದಾರೆ.

"ಒಂಬತ್ತಕ್ಕೇ ಊಟ" ಎಂದು ಲೂಷಿಯಸ್ ತುಟಿಯಲ್ಲೇ ಅಂದ. "ಹೊಟ್ಟೆ ಬಾಕ ಇರ್ಬೇಕು ಪಾಪ."

ಲವೀನಿಯಾ ಬೆರಳೆತ್ತಿದಳು. ಮಾತು ನಿಂತಿತು.

ಹತ್ತಾಯಿತು, ಹನ್ನೊಂದಾಯಿತು. ಮೇಲಿನಿಂದ ಅದೇ ಗಾಜಿನ ಮಳೆ. ಮೊದಲು ಬೆರಳು ಉರಿದವು, ಆಮೇಲೆ ನೋವಾಯಿತು, ಆಮೇಲೆ ಬೆರಳುಗಳೇ ಇಲ್ಲವೆನ್ನಿಸಿತು. ಯಾರೂ ಕೈ ಜೇಬಿಗೆ ಹಾಕಲಿಲ್ಲ. ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡ ನಲವತ್ತನಾಲ್ಕು ಬರಿಗೈಗಳು. ಲವೀನಿಯಾ ಸಾಲಿನ ಉದ್ದಕ್ಕೂ ನಡೆದು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಅವಳ ಎಡಗೈಗೆ ಮಾತ್ರ ಬೇರೆಯದೇ ಸಂಕಟ. ಚಳಿಗಿಂತ ಹೆಚ್ಚಾಗಿ ಅದಕ್ಕೆ ತನ್ನ ಜಾಗ ಬೇಕಾಗಿತ್ತು. ನಿಂತರೆ ಸಾಕು ಅದು ಹಿಂದಕ್ಕೆ ಹೊರಡುತ್ತಿತ್ತು. ಅವಳು ಬಲಗೈಯಿಂದ ಹಿಡಿದು ಮುಂದೆ ನಿಲ್ಲಿಸಿಕೊಳ್ಳುತ್ತಿದ್ದಳು.

ರಸ್ತೆಯ ಆಚೆ, ಬೀಜದಂಗಡಿಯ ಮುಂದೆ, ಹೋಸಿಯಾ ನಿಂತಿದ್ದ.

ಷರೀಫನ ಕೈಕೆಳಗಿನವರು ಏಳೆಂಟು ಜನ ಉದ್ದ ದೊಣ್ಣೆ ಹಿಡಿದು ಮೆಟ್ಟಿಲ ಮೇಲೆ ಬೆಚ್ಚಗೆ ಓಡಾಡುತ್ತಿದ್ದರು. ಅವರಲ್ಲಿ ಕೆಂಪು ಮೂಗಿನ ಒಬ್ಬ ಲವೀನಿಯಾಳ ಮುಂದೆ ಬಂದು ನಿಂತ. ಅವನ ಅಂಗಿಗಳನ್ನು ಹದಿಮೂರು ವರ್ಷದಿಂದ ಒಗೆಯುತ್ತಿದ್ದವಳು ಅವಳೇ.

"ಏನ್ ಆಂಟಿ, ನಮ್ಮನೆ ಬಟ್ಟೆ ಇವತ್ತು ಯಾರ್ ಒಗೀತಾರೆ?"

ಅವಳು ಅವನ ಕಾಲರು ನೋಡಿದಳು. ತಾನು ಹಾಕಿದ ಗಂಜಿ ಹಾಗೇ ನಿಂತಿತ್ತು.

"ಮೂಕಿ ಆಗ್ಬಿಟ್ಟಿದ್ದಾಳೆ ಕಣ್ರೋ."

ಲೂಷಿಯಸನ ಹಲ್ಲು ಕಟಕಟಿಸುತ್ತಿದ್ದವು. ಲವೀನಿಯಾ ಹತ್ತಿರ ಬಂದಾಗ, "ಸ್ವರ್ಗಕ್ಕೆ ಹೋದ್ಮೇಲೆ ಒಲೆ ಪಕ್ಕದಲ್ಲೇ ಜಾಗ ಕೇಳ್ತೀನಿ ಮಗಾ" ಎಂದ.

"ಒಲೆ ಇರೋದು ಇನ್ನೊಂದೂರಲ್ಲಿ ಮಾವ. ಸುಮ್ನಿರಿ. ವಾಪಸ್ ಹೋಗ್ತೀರಾ? ನಿಂತು ನಾಲ್ಕು ತಾಸಾಯ್ತು."

"ಮೂವತ್ತು ವರ್ಷ ತಡವಾಗಿ ಬಂದಿದ್ದೀನಿ. ಬೇಗ ಹೋಗು ಅಂತೀಯಲ್ಲ."

ಕಳಿಸಬಹುದಿತ್ತು. ಬೆರಳೆತ್ತಿ ದಾರಿ ತೋರಿಸಿದರೆ ಅವನು ಹೋಗುತ್ತಿದ್ದ, ಸನ್ನೆ ಮೀರುವವನಲ್ಲ. ಅವಳು ಎತ್ತಲಿಲ್ಲ, ಮುಂದೆ ನಡೆದಳು.

ಮನುಷ್ಯನ ಬುದ್ಧಿ ಚಳಿಗೆ ಮರಗಟ್ಟುವಾಗ ಮೈ ತನ್ನ ಹಳೆಯ ದಾರಿ ಹಿಡಿಯುತ್ತದೆ. ಒಂದು ಗಂಟೆ ಹೊಡೆಯುವ ಹೊತ್ತಿಗೆ ಲೂಷಿಯಸನ ಕಣ್ಣು ಅರೆ ಮುಚ್ಚಿತು, ಬೆನ್ನು ನೆಟ್ಟಗಾಯಿತು, ಗದ್ದ ಮೇಲೆದ್ದಿತು. ಚರ್ಚಿನ ಬಾಗಿಲಲ್ಲಿ ನಿಂತಿದ್ದೇನೆ ಎಂದುಕೊಂಡನೋ ಏನೋ. ಅವನ ಎಡಗೈ ಮೆಲ್ಲಗೆ ಹಿಂದಕ್ಕೆ ಹೋಗಿ, ಸೊಂಟದ ಮೇಲೆ, ಐವತ್ತು ವರ್ಷದ ತನ್ನ ಜಾಗದಲ್ಲಿ ಕೂತಿತು.

"ಏ ಹುಡುಗಾ!" ಕೆಂಪು ಮೂಗಿನವನು ಕೂಗಿದ. "ಹಿಂದೆ ಏನ್ ಇಟ್ಕೊಂಡಿದ್ದೀಯ?"

ಎಪ್ಪತ್ತನಾಲ್ಕರ ಹುಡುಗನಿಗೆ ಕೇಳಿಸಲಿಲ್ಲ.

"ಕೈ ತೋರ್ಸೋ!"

ದೊಣ್ಣೆ ಮೇಲೆ ಹೋಯಿತು. ಲವೀನಿಯಾ ಎರಡು ಹೆಜ್ಜೆ ದೂರದಲ್ಲಿದ್ದಳು. ಲೂಷಿಯಸ್ ಮಾವ ಬೀಳುತ್ತಾನೆ, ಎಂದಷ್ಟೇ ಅವಳಿಗೆ ಹೊಳೆದದ್ದು. ನಲವತ್ತು ವರ್ಷ ಬೀಳುವವರನ್ನು ಹಿಡಿದ ಕೈ ಅವಳ ಅಪ್ಪಣೆ ಕೇಳಲಿಲ್ಲ. ಅವಳ ಅಂಗೈಗೆ ಏನೋ ಬಡಿಯಿತು, ಬೆರಳುಗಳು ಮುಚ್ಚಿಕೊಂಡವು. ನೋಡಿದರೆ ದೊಣ್ಣೆ ಅವಳ ಎಡಗೈಯಲ್ಲಿತ್ತು.

ಒಂದು ಉಸಿರಿನಷ್ಟು ಹೊತ್ತು ದೊಣ್ಣೆಯ ಒಂದು ತುದಿ ಅವನು, ಇನ್ನೊಂದು ತುದಿ ಅವಳು ಹಿಡಿದು ನಿಂತಿದ್ದರು. ಅವನ ಮುಖದ ಮೇಲೆ ನಗು ಹರಡಿತು, ಕಳೆದದ್ದು ಸಿಕ್ಕಿದವನ ನಗು.

"ಸಿಕ್ತು" ಎಂದ. ಆಮೇಲೆ ಸೀಟಿ ಊದಿದ.

ಅವಳು ಕೈ ಬಿಟ್ಟಳು. ಬಿಟ್ಟು ಪ್ರಯೋಜನವೇನು? ಮೆಟ್ಟಿಲ ಮೇಲಿದ್ದವರೆಲ್ಲ ಇಳಿದು ಬಂದರು. ಸಾಲಿನವರು ಕಲಿಸಿದ ಹಾಗೆಯೇ ಕುಸಿದು, ಮೊಣಕಾಲು ಎದೆಗೆ ತಂದು, ಕತ್ತಿನ ಹಿಂಭಾಗವನ್ನು ಕೈಯಿಂದ ಮುಚ್ಚಿಕೊಂಡರು. ಇಪ್ಪತ್ತೊಂದು ಜನರಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಮುದಿ ಮಂಡಿ ಬೇಗ ಮಡಚದು. ಲೂಷಿಯಸ್ ಇನ್ನೂ ಅರ್ಧ ನಿಂತಿದ್ದಾಗಲೇ ಏಟು ಕಿವಿಯ ಮೇಲೆ ಬಿತ್ತು. ಬೀಳುವಾಗಲೂ ಅವನ ಎಡಗೈ ಬೆನ್ನ ಹಿಂದೆಯೇ ಇತ್ತು.

ಲವೀನಿಯಾಳ ಕೆನ್ನೆ ಐಸಿನ ಮೇಲಿತ್ತು. ಬೂಟುಗಳ ನಡುವಿನಿಂದ ಅವಳಿಗೆ ಆಚೆಯ ಕಾಲುದಾರಿಯ ಅಂಚು ಕಾಣುತ್ತಿತ್ತು. "ಅಪ್ಪಾ!" ಎಂದು ವೆಲ್ಮಾ ಕಿರುಚಿದಳು. ಹೋಸಿಯಾನ ಬಲಗಾಲು ಅಂಚಿನಿಂದ ಕೆಳಗಿಳಿದು ಮೋರಿಯ ನೀರಿನಲ್ಲಿ ನಿಂತಿತು. ಬೇಡ ಎಂದು ಪ್ರಾರ್ಥಿಸಬೇಕಿತ್ತು ಅವಳು. ಬಾ ಎಂದು ಪ್ರಾರ್ಥಿಸಿದಳೋ, ಬೇಡ ಎಂದಳೋ, ದೇವರಿಗೇ ಗೊತ್ತು. ಕಾಲು ಅಲ್ಲೇ ಬಹಳ ಹೊತ್ತು ಇತ್ತು. ಆಮೇಲೆ ಮೆಲ್ಲಗೆ ಮೇಲೆ ಹೋಗಿ ಇನ್ನೊಂದು ಕಾಲಿನ ಪಕ್ಕ ನಿಂತಿತು.

ಅಂಚೆ ಕಚೇರಿಯ ಜಗಲಿಯಲ್ಲಿ ಇಬ್ಬರು ಬರೆಯುತ್ತಿದ್ದರು.

ಜಿಲ್ಲೆಯ ಜೈಲಿನಲ್ಲಿ ಹೆಂಗಸರಿಗೆಲ್ಲ ಸೇರಿ ಒಂದೇ ಕೋಣೆ. ನಾಲ್ಕನೆಯ ದಿನ ಪಾಸ್ಟರ್ ಬಂದು ಕಂಬಿಯ ಆಚೆ ಹ್ಯಾಟು ತೆಗೆದು ನಿಂತರು. ಅವರು ಬಾಯಿ ತೆರೆಯುವ ಮೊದಲೇ ಬರ್ನೀಸಕ್ಕ ಅಳಲು ಶುರುಮಾಡಿದಳು. ಲೂಷಿಯಸ್ ಎಚ್ಚರವಾಗದೆಯೇ ಹೋಗಿದ್ದ. ವಾಷಿಂಗ್ಟನ್ನಿನವರ ವರದಿಯನ್ನೂ ಪಾಸ್ಟರೇ ಹೇಳಿದರು: ಎರಡೂ ಕಡೆಯಿಂದ ಕೈ ಮಿಲಾಯಿಸಿದ್ದಾರೆ ಎಂದು ಬರೆದಿದ್ದಾರಂತೆ. ಮೊಕದ್ದಮೆ ಈ ವರ್ಷಕ್ಕಿಲ್ಲ.

ಯಾರೂ ಲವೀನಿಯಾಳ ಕಡೆ ತಿರುಗಲಿಲ್ಲ. ತಿರುಗದೇ ಇರುವುದಕ್ಕೆ ಎಲ್ಲರೂ ಪಡುತ್ತಿದ್ದ ಕಷ್ಟ ಅವಳಿಗೆ ಕಾಣುತ್ತಿತ್ತು.

ವೆಲ್ಮಾಳ ಒಂದು ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಗೋಡೆಗೆ ಒರಗಿ ಅವಳು ಹೇಳಿದಳು, "ಅಪ್ಪ ನೋಡ್ತಾ ನಿಂತಿದ್ದ ಅತ್ತೆ. ನಾನು ಕೂಗ್ದೆ. ಕೂಗಿದ್ದು ಕೇಳಿಸ್ತು ಅವನಿಗೆ."

"ಕೇಳಿಸ್ತು."

"ಜನ ಏನಂತಿದ್ದಾರೆ ಗೊತ್ತಾ? ಪಾಸ್ಟರ ಜೊತೆ ಬಂದಿದ್ದೋರು ಅಂದ್ರು. ಹೆದರುಪುಕ್ಕ, ಮಗಳು ಒದೆ ತಿಂತಿದ್ರೆ ಕಂಬದ ಹಾಗೆ ನಿಂತಿದ್ದ ಅಂತ."

"ದಾಟ್ಬೇಡ ಅಂತ ಮಾತು ತಗೊಂಡೋಳು ನಾನು."

"ಮಾತಂತೆ" ಎಂದಳು ವೆಲ್ಮಾ. "ನೀವೂ ಮಾತು ಕೊಟ್ಟಿದ್ರಲ್ಲ. ಚೀಟೀಲಿ ನಿಮ್ದೂ ಸಹಿ ಇತ್ತಲ್ಲ."

ಆ ಮಾತು ಆಡಿದ ಮೇಲೆ ಅವಳೇ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಲವೀನಿಯಾ ಅವಳ ಕೂದಲು ನೇವರಿಸಲಿಲ್ಲ. ಕೈಯನ್ನು ನೆಲಕ್ಕೆ ಊರಿ ಕೂತಿದ್ದಳು. ಎಡಗೈ ಬೆನ್ನ ಹಿಂದೆ ಇದ್ದಿದ್ದರೆ ಅದು ಮುಂದೆ ಬರಲು ಒಂದು ಗಳಿಗೆ ಬೇಕಾಗುತ್ತಿತ್ತು, ಆ ಗಳಿಗೆಯಲ್ಲಿ ಬುದ್ಧಿ ಬರುತ್ತಿತ್ತೇನೋ. ಅಥವಾ ಏಟು ಒಂದೇ ಬಿದ್ದು ಮಾವ ಬದುಕುತ್ತಿದ್ದನೇನೋ. ಅಥವಾ ಆ ಒಂದೇ ಏಟಿಗೆ ಹೋಗುತ್ತಿದ್ದನೇನೋ. ಆ ಯೋಚನೆಯನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಿ ಹಿಂಡಿ ನೋಡಿದಳು. ಹನಿ ಬರುತ್ತಲೇ ಇತ್ತು, ಒಣಗಲಿಲ್ಲ. 'ತಂದೆಯೇ, ಇದನ್ನು ನೀನೇ ಇಟ್ಟುಕೋ, ನನಗೆ ತಿಳಿಯದು' ಎಂದಳು. ಅವನು ಇಟ್ಟುಕೊಂಡಂತೆ ಕಾಣಲಿಲ್ಲ.

ಹನ್ನೊಂದನೆಯ ದಿನ ಬಿಟ್ಟರು. ಲೂಷಿಯಸನನ್ನು ಮಣ್ಣು ಮಾಡಿ ಆಗಲೇ ಐದು ದಿನವಾಗಿತ್ತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನೆಲಮನೆಯಲ್ಲಿ ಮತ್ತೆ ಸೇರಿದರು. ಫೆಬ್ರವರಿ ಕೊನೆಗೆ ಇನ್ನೊಂದು ಸಾಲು ಹೊರಡಬೇಕೆಂಬ ಮಾತಿತ್ತು. ಮುಂದಿನ ಕುರ್ಚಿಯನ್ನು ಲವೀನಿಯಾಳಿಗೆಂದು ಖಾಲಿ ಬಿಟ್ಟಿದ್ದರು. ಅವಳು ಕೂರದೆ ಅದರ ಬೆನ್ನು ಹಿಡಿದು ನಿಂತಳು.

"ನಾನು ಕೈ ಎತ್ತಿದೆ" ಎಂದಳು.

"ಯಾರ್ ನೋಡಿದ್ರು ಅದನ್ನ" ಎಂದ ಓಡೆಲ್. ಅವನು ಅಂದು ಸಾಲಿನಲ್ಲಿ ಅವಳ ಪಕ್ಕದಲ್ಲೇ ಇದ್ದವನು.

"ಅವ್ರು ಹೊಡೆಯೋಕೇ ಬಂದಿದ್ರು ಕಣೆ" ಎಂದಳು ಬರ್ನೀಸಕ್ಕ. "ನಿನ್ನ ಕೈ ಇಲ್ದಿದ್ರೆ ಇನ್ನೊಂದು ನೆಪ. ಮಾವನ ಜೀವ ಉಳಿಸೋಕೆ ತಾನೇ ಹೋಗಿದ್ದು ನೀನು?"

"ಮಗಳ ಜಡೆ ಬಿಡಿಸೋಕೆ ತಾನೇ ಹೋಗಿದ್ದು ಹೋಸಿಯಾನೂ?"

ಪಾಸ್ಟರ್, "ಸಿಸ್ಟರ್, ನೀವಿಲ್ದೆ ಸಾಲು ಹೇಗೆ ನಡಿಯುತ್ತೆ?" ಎಂದರು. "ನಡೀಬೇಕು" ಎಂದಳು. ತನ್ನ ಚೀಟಿಯನ್ನು ಅವರ ಬೈಬಲಿನ ಪಕ್ಕದಲ್ಲಿಟ್ಟಳು. ಜೈಲಿನಲ್ಲಿ ಕೋಟಿನೊಳಗೇ ಇದ್ದು ಅದು ಬೆವರಿಗೆ ಮೆತ್ತಗಾಗಿತ್ತು. ನಿಂತವರು ದಾರಿ ಬಿಟ್ಟರು. ಮೆಟ್ಟಿಲು ಹತ್ತಿ ಹೊರಗೆ ಬಂದಳು.

ಹೋಸಿಯಾ ಚರ್ಚಿಗೆ ಬರುವುದನ್ನು ಬಿಟ್ಟಿದ್ದ. ಲೂಷಿಯಸನ ಗುಂಡಿ ತೋಡಿದವನು ಅವನೇ. ತೋಡಿ, ಹೆಣ ಬರುವ ಮೊದಲೇ ಗುದ್ದಲಿ ಹೆಗಲಿಗಿಟ್ಟು ಹೋಗಿದ್ದ ಎಂದು ಜನ ಹೇಳಿದರು. ಲವೀನಿಯಾ ಹೋದಾಗ ಅವನು ಮನೆಯ ಹಿಂದೆ ಸೌದೆ ಸೀಳುತ್ತಿದ್ದ. ಬಿಸಿಲಿತ್ತು. ಸೀಳಿದ್ದು ಆಗಲೇ ಎದೆಯೆತ್ತರ ಬೆಳೆದಿತ್ತು, ಒಬ್ಬರ ಮನೆಗೆ ಎರಡು ಚಳಿಗಾಲಕ್ಕೆ ಸಾಕು.

ಅವಳು ಬಂದದ್ದನ್ನು ನೋಡಿ ಕೊಡಲಿಯನ್ನು ದಿಮ್ಮಿಗೆ ನೆಟ್ಟ.

"ವೆಲ್ಮಾ ಮಾತಾಡ್ತಾಳಾ?" ಎಂದು ಕೇಳಿದಳು.

"ಊಟಕ್ಕೆ ಕರೀತಾಳೆ."

"ನಿನ್ನ ಕಾಲು ನೋಡಿದೆ ಹೋಸಿಯಾ. ನೀರಿಗಿಳಿದದ್ದೂ ನೋಡಿದೆ, ಹಿಂದಕ್ಕೆ ಹೋದದ್ದೂ ನೋಡಿದೆ."

"ಹಿಂದಕ್ಕೆ ತಗೊಳ್ಬಾರ್ದಿತ್ತೇನೋ ಅನ್ಸುತ್ತೆ ಅಕ್ಕ. ದಿನಾ ಬೆಳಿಗ್ಗೆ ಅನ್ಸುತ್ತೆ."

"ನಂಗೂ ಕೈ ಬಗ್ಗೆ ಹಾಗೇ."

ಆಮೇಲೆ ಅವಳು ಕೋಟಿನ ಗುಂಡಿ ಬಿಚ್ಚಿ, ಒಳಜೇಬಿಗೆ ಕೈ ಹಾಕಿ, ಅವನ ಚೀಟಿ ತೆಗೆದಳು. ಮಡಿಕೆ ಬಿಚ್ಚಿ, ಹೆಸರು ಅವನ ಕಡೆ ಕಾಣುವಂತೆ ತಿರುಗಿಸಿ ಹಿಡಿದಳು. "ಫೆಬ್ರವರಿ ಕೊನೆಗೆ ಇನ್ನೊಂದು ಸಾಲು ಹೊರಡುತ್ತೆ" ಎಂದಳು.

ಹೋಸಿಯಾ ಅಂಗೈಯ ಮರದ ಪುಡಿಯನ್ನು ಷರಾಯಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡ.